ಅರವತ್ತನಾಲ್ಕು ಸಲ ತಾಳು

ರೈಲು ವಿತ್ರಿ ನಿಲ್ದಾಣ ಬಿಟ್ಟ ಮೇಲೆ ಬ್ಲೇಸ್ ಮೊರ್ವಾನನಿಗೆ ತಾನು ಉಸಿರಾಡುವುದು ಕೇಳತೊಡಗಿತು. ನಲವತ್ತಾರು ವರ್ಷ ಯಾರ ಅಪ್ಪಣೆಗೂ ಕಾಯದೆ ತನ್ನಷ್ಟಕ್ಕೆ ನಡೆದುಕೊಂಡು ಬಂದಿದ್ದ ಕೆಲಸ. ಒಮ್ಮೆ ಕಿವಿಗೆ ಬಿದ್ದಿದ್ದೇ ತಡ, ಅದನ್ನು ತಾನೇ ನಡೆಸಬೇಕು, ಮರೆತರೆ ಅಲ್ಲಿಗೇ ನಿಂತುಹೋಗುತ್ತದೆ ಅನ್ನಿಸಿಬಿಟ್ಟಿತು. ಒಳಗೆ, ಹೊರಗೆ. ಎದುರಿನ ಸೀಟಿನಲ್ಲಿ ಪದಬಂಧ ತುಂಬುತ್ತ ಕೂತಿದ್ದ ಹೆಂಗಸಿಗೂ ಇದು ಕೇಳಿಸುತ್ತಿರಬೇಕೆಂದು ನಾಚಿ ಬಾಯಿ ಮುಚ್ಚಿ ಮೂಗಿನಲ್ಲಿ ಆಡಿಸಿದ. ಮೂಗು ಸಣ್ಣಗೆ ಸಿಳ್ಳೆ ಹಾಕಿತು. ಥತ್, ಇದೊಂದು ಬೇರೆ. ಹೆಂಗಸು ಪೆನ್ನು ಕಚ್ಚಿಕೊಂಡು ಅವನತ್ತ ನೋಡಿ ಮತ್ತೆ ತಲೆ ತಗ್ಗಿಸಿದಳು. ಮಾರ್ಚಿನ ಬಿಸಿಲು, ಮಂಗಳವಾರ, ಬೆಳಗಿನ ಹನ್ನೊಂದೂವರೆ. ಕಿಟಕಿಯಾಚೆ ಸೇನ್ ನದಿ ಏನೂ ಆಗಿಲ್ಲವೆಂಬಂತೆ ಹರಿಯುತ್ತಿತ್ತು. ಆ ಹೆಂಗಸಿನ ಪಕ್ಕದ ಸೀಟು ಖಾಲಿ. ಖಾಲಿ ಸೀಟಿನ ಪಕ್ಕದ ಕಿಟಕಿ ಗಾಜಿನ ಮೇಲೆ, ಕೂತವರ ಬಾಯಿ ಇರುವಷ್ಟು ಎತ್ತರಕ್ಕೆ, ಅಂಗೈಯಗಲದ ಮಬ್ಬು ಕಟ್ಟಿತ್ತು. ಯಾರೋ ಈಗಷ್ಟೇ ವಿತ್ರಿಯಲ್ಲಿ ಇಳಿದಿರಬೇಕು ಎಂದುಕೊಂಡ. ಶ್ವಾಜಿ ಬಂತು, ಹೋಯಿತು. ಬಿಸಿಲು ನೇರವಾಗಿ ಅದರ ಮೇಲೇ ಬಿತ್ತು. ಮಬ್ಬು ಆರಲಿಲ್ಲ.

ತೊಡೆಯ ಮೇಲಿನ ಚೀಲದಲ್ಲಿ ಕಂಪ್ಯೂಟರು, ಒಂದು ಪುಟ್ಟ ಸ್ಪೀಕರು, ಸಹಿ ಬೀಳಬೇಕಾದ ಎರಡು ಹಾಳೆ, ಮತ್ತೆ ಒಂದು ಕಾಗದ. ಕಾಗದವನ್ನು ಅವನು ಬಾಯಿಪಾಠ ಮಾಡಿದ್ದ. ರೆಕಾರ್ಡ್ ಕಂಪನಿಯ ಮಾಯ್ಲಿಸ್ ಅದನ್ನು ಹೋದ ವಾರ ಮೇಜಿನ ಮೇಲೆ ಎಸೆದು, "ನೋಡು ಮಾರಾಯ, ನಿನ್ನ ಅಭಿಮಾನಿ ಪತ್ರ," ಎಂದು ನಕ್ಕಿದ್ದಳು. ಶಾಲೆಯಲ್ಲಿ ಕಲಿತಂಥ ದುಂಡು ಅಕ್ಷರ. 'ನನ್ನ ಮಗಳ ದನಿ ಇರುವ ರೆಕಾರ್ಡನ್ನು ಮತ್ತೆ ಬಿಡುಗಡೆ ಮಾಡಲು ನನ್ನ ತಕರಾರಿಲ್ಲ. ಸಹಿ ಹಾಕುತ್ತೇನೆ. ಆದರೆ ಅವಳು ತಾಳು ಅಂದಮೇಲೆ ಮುಂದೆ ಏನು ಹೇಳಿದಳೆಂದು ನನಗೆ ಕೇಳಿಸಬೇಕು. ಅದನ್ನು ಕತ್ತರಿಸಿದವರನ್ನೇ ಕಳಿಸಿ. ಯುಗೆತ್ ರೂವಿಯೇರ್, ಆಬ್ಲೋಂ.' ಮಾಯ್ಲಿಸ್‌ಗೆ ಇದೊಂದು ದೊಡ್ಡ ವಿಷಯವೇ ಅಲ್ಲ. "ಹೋಗು, ಒಂದು ಕಾಫಿ ಕುಡಿ, ಏನೋ ಕೇಳಿಸು, ಸಹಿ ಹಾಕಿಸ್ಕೊಂಡು ಬಾ. ಮುದುಕಿ ಒಬ್ಬಳೇ ಇರ್ತಾಳೆ, ಅವಳಿಗೂ ಮಾತಾಡಕ್ಕೆ ಜನ ಬೇಕು. ಸಹಿ ಇಲ್ದೆ ಆ ಹಾಡು ಹಾಕಕ್ಕಾಗಲ್ಲ ಅಂತ ವಕೀಲ ಅಂತಾನೆ. ಆ ಹಾಡಿಲ್ದೆ ನಿನ್ನ ರೀಮಿಕ್ಸ್‌ಗಳ ಸಂಪುಟ ಯಾವನಿಗೆ ಬೇಕು ಹೇಳು?" ಅವಳು ಅಂದಿದ್ದು ನಿಜವೇ. ಇಪ್ಪತ್ತೆರಡು ವರ್ಷದಲ್ಲಿ ಅವನು ಮಾಡಿದ ರೀಮಿಕ್ಸ್‌ಗಳು ನೂರಾ ಮೂವತ್ತು. ಜನರ ನೆನಪಿನಲ್ಲಿ ಉಳಿದದ್ದು ಆ ಒಂದು. ಅದರಲ್ಲಿಯೂ ಒಂದು ಮಾತು, ಒಂದು ಸೆಕೆಂಡಿಗಿಂತ ಕಡಿಮೆ.

ತಾಳು.

ಹಾಡಿನಲ್ಲಿ ಇಲ್ಲದ ಮಾತು ಅದು. ರೀಮಿಕ್ಸ್ ಮಾಡುವವನಿಗೆ ವಾದ್ಯಗಳನ್ನೆಲ್ಲ ಬಿಡಿಬಿಡಿಯಾಗಿ ಕಳಿಸುತ್ತಾರೆ, ಹಾಡಿದವರ ಬರಿದನಿಯನ್ನು ಬೇರೆಯಾಗಿ. ಬರಿದನಿ ಎಂದರೆ ಅಕ್ಷರಶಃ ಬರಿಮೈಯ ದನಿ. ತುಟಿ ಬಿಡಿಸಿದ್ದು, ನಾಲಿಗೆ ಹೊರಳಿದ್ದು, ಕುರ್ಚಿ ಕಿರುಗುಟ್ಟಿದ್ದು, ಹಾಡು ಶುರುವಾಗುವ ಮೊದಲು ಆಡಿದ ಹರಟೆ, ಎಲ್ಲ ಅದರೊಳಗೆ ಇರುತ್ತದೆ. ಬ್ಲೇಸ್ ಮೊದಲು ಮಾಡುವ ಕೆಲಸ ಉಸಿರು ತೆಗೆಯುವುದು. ಕಿರಿಯರಿಗೆ ಅವನೇ ಪಾಠ ಹೇಳಿದ್ದ: ಉಸಿರು ಇರುವ ಮಾತು ಒಂದು ಕಡೆಯಿಂದ ಬಂದು ಒಂದು ಕಡೆ ಮುಗಿಯುತ್ತದೆ, ಮೂರು ಸಲ ಹೇಳಿದರೆ ದಣಿಯುತ್ತದೆ. ಉಸಿರು ಕತ್ತರಿಸಿ ನೋಡು, ಅದೇ ಮಾತನ್ನು ಬೆಳಗಿನವರೆಗೂ ಹೇಳಿಸಬಹುದು. ಕ್ಲೆಲಿಯಾ ರೂವಿಯೇರ್ ಎಂಬ, ಅವನು ಒಮ್ಮೆಯೂ ಮುಖ ನೋಡದ, ಇಪ್ಪತ್ತನಾಲ್ಕರ ಹುಡುಗಿಯ ಬರಿದನಿ ಹನ್ನೊಂದು ವರ್ಷದ ಹಿಂದೆ ಅವನ ಕೈಗೆ ಬಂದಾಗ ಉಸಿರು ಕತ್ತರಿಸಲು ಜಾಗವೇ ಇರಲಿಲ್ಲ. ಮಾತಿಗೊಂದು ಎಳೆತ, ಎಳೆತದ ತುದಿಗೊಂದು ಸಿಳ್ಳೆ. ಅರ್ಧ ದಿನ ಹೆಣಗಿ ಬೇಸತ್ತು ಅವನು ಸ್ಟುಡಿಯೋದವರಿಗೆ ಬರೆದ: 'ಹಾಡು ಪರವಾಗಿಲ್ಲ. ಹುಡುಗಿಯದು ಕಮ್ಮಾರನ ತಿದಿಯ ಉಸಿರು. ನಾನು ಕುಣಿಸಬೇಕಾದದ್ದು ಜನರನ್ನು, ಕುದುರೆಗಳಿಗೆ ಲಾಳ ಹೊಡೆಯುವುದಲ್ಲ. ಉಸಿರಿಲ್ಲದೆ ಇನ್ನೊಮ್ಮೆ ಹಾಡಿಸಿ ಕಳಿಸಿ.' ತಿದಿ ಎಂಬ ಮಾತು ಹೊಳೆದಿದ್ದಕ್ಕೆ ತನಗೆ ತಾನೇ ನಕ್ಕಿದ್ದ. ಪಕ್ಕದ ಮೇಜಿನವನಿಗೂ ಓದಿ ತೋರಿಸಿದ್ದ. ಐದು ದಿನಕ್ಕೆ ಎರಡನೆಯ ಬರಿದನಿ ಬಂತು. ನಾಲ್ಕು ನಿಮಿಷದ ಹಾಡಿನಲ್ಲಿ ಒಂದು ಉಸಿರೂ ಇಲ್ಲ. ಹಾಡಿಗೆ ಮೊದಲು ಅರ್ಧ ನಿಮಿಷ ಹರಟೆ. ಅಲ್ಲಿತ್ತು ತಾಳು ಎಂಬ ಮಾತು, ಮಿಕ್ಕಿದ್ದೂ ಇತ್ತು. ಮಿಕ್ಕಿದ್ದನ್ನು ಅವನು ಒಂದೇ ಸಲ ಕೇಳಿದ, ಕಿವಿ ಬಿಸಿಯಾಯಿತು, ಕತ್ತರಿಸಿದ. ಹುಡುಗಿ ಆ ದಿನದಿಂದ ಹತ್ತೊಂಬತ್ತನೆಯ ದಿನ ಮಧ್ಯಾಹ್ನ ತನ್ನ ಕಟ್ಟಡದ ಮೆಟ್ಟಿಲ ಮೇಲೆ, ಮೂರನೆಯ ಮಹಡಿಗೂ ನಾಲ್ಕನೆಯದಕ್ಕೂ ನಡುವೆ, ಉಬ್ಬಸ ಹೆಚ್ಚಾಗಿ ತೀರಿಕೊಂಡಳು. ಯಾರ ತಪ್ಪೂ ಅಲ್ಲ ಎಂದು ವೈದ್ಯರು ಹೇಳಿದರಂತೆ, ಚಿಕ್ಕಂದಿನಿಂದ ಇದ್ದ ಕಾಯಿಲೆ. ಬೇಸಿಗೆಗೆ ರೀಮಿಕ್ಸ್ ಬಿಡುಗಡೆಯಾಯಿತು. ಇಬಿಜಾ ದ್ವೀಪದ ನೃತ್ಯೋತ್ಸವದಲ್ಲಿ ಎಂಟು ಸಾವಿರ ಜನ ಕೈ ಎತ್ತಿ ಒಂದೇ ಬಾಯಲ್ಲಿ ತಾಳು ತಾಳು ಎಂದು ಕೂಗುವಾಗ ಬ್ಲೇಸ್ ಎತ್ತರದ ಕಟ್ಟೆಯ ಮೇಲೆ ನಿಂತು ತಾನೂ ಕೈ ಎತ್ತಿದ್ದ. ಆಗ ಅವನಿಗೆ ಹುಡುಗಿ ಸತ್ತದ್ದು ಗೊತ್ತಿತ್ತು.

ಆಬ್ಲೋಂನಲ್ಲಿ ಅವನೊಬ್ಬನೇ ಇಳಿದ. ಬರಿಗೈಲಿ ಹೋಗಬೇಡವೆಂದು ಮಾಯ್ಲಿಸ್ ಹೇಳಿದ್ದಳು, ನಿಲ್ದಾಣದ ಎದುರಿಗೇ ಬೇಕರಿ. ಒಳಗೆ ಕಾಲಿಟ್ಟದ್ದೇ ಚಾವಣಿಯ ಸ್ಪೀಕರಿನಿಂದ ರೇಡಿಯೋ ಅಂದಿತು: ತಾಳು. ಅವನು ಬಾಗಿಲಲ್ಲೇ ನಿಂತ. ಅಂಗಡಿಯ ಹುಡುಗಿ ಬ್ರೆಡ್ಡಿಗೆ ಕಾಗದ ಸುತ್ತುತ್ತ ತಾಳಕ್ಕೆ ಸರಿಯಾಗಿ ಭುಜ ಕುಣಿಸುತ್ತಿದ್ದಳು. ಏನು ಮರುಳು ಹಿಡಿಯಿತೋ, ಇವತ್ತು ಯಾರಾದರೂ ಒಬ್ಬರು ತನ್ನನ್ನು ಒಳ್ಳೆಯವನೆಂದುಕೊಳ್ಳಲಿ ಎಂಬ ಆಸೆಯೋ, ಬಾಯಿ ತಾನೇ ತೆರೆಯಿತು.

"ಇದು ನಂದು."

"ಯಾವ್ದು ಸರ್? ನಿಂಬೆ ಟಾರ್ಟಾ?"

"ಅಲ್ಲ, ಹಾಡು."

"ಹೌದಾ! ಇದು ಹುಡುಗಿ ಹಾಡಿರೋದಲ್ವಾ?"

"ಹಾಡಿದ್ದು ನಾನಲ್ಲ."

"ಓ, ಬರ್ದಿದ್ದು ನೀವು."

"ಬರ್ದಿದ್ದೂ ನಾನಲ್ಲ. ನಾನು ಅದನ್ನ... ರೀಮಿಕ್ಸ್ ಮಾಡ್ದೋನು."

ಹುಡುಗಿ ಒಂದು ಗಳಿಗೆ ಯೋಚಿಸಿದಳು. "ಅಂದ್ರೆ ಬೇರೆಯೋರು ಬೇಯ್ಸಿದ್ದನ್ನ ನೀವು ಬಿಸಿ ಮಾಡಿ ಕೊಟ್ರಿ." ಹಿಂದೆ ನಿಂತಿದ್ದ ಮುದುಕ ಖೊಳ್ಳೆಂದು ನಕ್ಕ. "ಬೇಜಾರು ಮಾಡ್ಕೋಬೇಡಿ ಸರ್, ನಮ್ಮಲ್ಲೂ ಅರ್ಧ ಸಾಮಾನು ಹಾಗೇ." ಬ್ಲೇಸ್ ಕೂಡ ನಗಲು ನೋಡಿದ. ಟಾರ್ಟನ್ನು ಡಬ್ಬಿಗಿಡುತ್ತ ಅವಳು ಯಾರ ಮನೆಗೆ ಎಂದು ಕೇಳಿದಳು. ಮದಾಂ ರೂವಿಯೇರ್ ಮನೆಗೆ ಎಂದ. ಅವಳ ಭುಜ ನಿಂತಿತು. ತಿರುಗಿ ಕೈ ಚಾಚಿ ರೇಡಿಯೋ ಆರಿಸಿದಳು. ಮುದುಕನ ಮುಖದಲ್ಲಿ ನಗು ಇರಲಿಲ್ಲ.

"ಮೊದ್ಲೇ ಹೇಳ್ಬಾರ್ದಾ ಸರ್. ಆಯಮ್ಮ ಬರೋ ಹೊತ್ತಿಗೆ ನಾವು ರೇಡಿಯೋ ಹಾಕಲ್ಲ. ಒಂದ್ಸಲ ಏನಾಯ್ತು ಅಂದ್ರೆ, ಚಿಲ್ಲರೆ ಕೈಲಿ ಹಿಡ್ಕೊಂಡು ಹಾಗೇ ನಿಂತ್ಬಿಟ್ರು. ಇಲ್ಲೇ, ನೀವು ನಿಂತಿದೀರಲ್ಲ, ಇಲ್ಲೇ. ಕಣ್ಣು ಕೂಡ ಮಿಟುಕಿಸ್ಲಿಲ್ಲ. ಹಾಡು ಮುಗಿಯೋವರ್ಗೂ. ಬೀದಿವರ್ಗೂ ಲೈನು, ಒಬ್ಬರೂ ತುಟಿಪಿಟಕ್ ಅನ್ಲಿಲ್ಲ."

"ಆಮೇಲೆ?"

"ಆಮೇಲೇನು, ಹಾಡು ಮುಗೀತು, ಚಿಲ್ಲರೆ ಕೊಟ್ಟು ಹೋದ್ರು."

ಬ್ಲೇಸ್ ಒಂದು ಹೆಜ್ಜೆ ಪಕ್ಕಕ್ಕೆ ಸರಿದು ನಿಂತು ಡಬ್ಬಿ ತೆಗೆದುಕೊಂಡ.

ನದಿಯ ಕಡೆಗೆ ಇಳಿಯುವ ಕಿರುಬೀದಿಯ ಕೊನೆಗೆ ಆ ಮನೆ. ಕೆಳಗಡೆ ಹಿಂದೆ ಲಾಂಡ್ರಿ ಇದ್ದದ್ದು, ಗೋಡೆಯ ಮೇಲಿನ ಅಕ್ಷರಗಳು ಮಾಸಿದ್ದರೂ ಓದಬಹುದಿತ್ತು. ಅಂಗಡಿಯ ಅಗಲ ಗಾಜೆಲ್ಲ ಒಳಗಿನಿಂದ ಮಬ್ಬು ಹಿಡಿದು ಬೆಳ್ಳಗಾಗಿತ್ತು. ಆ ಬಿಳುಪಿನ ಹಿಂದೆ ಏನೋ ಒಂದು ಹುಸ್ಸ್ ಎಂದಿತು, ತಡೆಯಿತು, ಮತ್ತೆ ಹುಸ್ಸ್ ಎಂದಿತು. ಬ್ಲೇಸ್‌ನ ಮೈಮೇಲಿನ ಕೂದಲು ನಿಂತವು. ಎಷ್ಟು ಹೊತ್ತಿಗೊಮ್ಮೆ ಎಂದು ಕಿವಿ ತನ್ನ ಚಾಳಿಯಂತೆ ಎಣಿಸಿತು, ಮಲಗಿರುವ ಮನುಷ್ಯರ ಉಸಿರಿನಷ್ಟೇ. ವಾಪಸ್ಸು ಹೋಗಿಬಿಡಲೇ? ಆಕೆ ಮನೆಯಲ್ಲಿ ಇರಲಿಲ್ಲ ಎಂದು ಮಾಯ್ಲಿಸ್‌ಗೆ ಹೇಳಿದರೆ ಆಯಿತು. ಅಷ್ಟರಲ್ಲಿ ಬಾಗಿಲು ತೆರೆಯಿತು. ಗಿಡ್ಡ ಹೆಂಗಸು, ಎಪ್ಪತ್ತು ದಾಟಿರಬಹುದು, ತೋಳಿನವರೆಗೆ ಕೆಂಪಗೆ ಬೆಂದ ಕೈ. ಹಿಂದೆ ಇಸ್ತ್ರಿ ಮೇಜು, ಮೇಜಿನ ಮೇಲೆ ಆವಿ ಉಗುಳುವ ದೊಡ್ಡ ಇಸ್ತ್ರಿಪೆಟ್ಟಿಗೆ. ಸುತ್ತಲೂ ಹಗ್ಗದ ಮೇಲೆ ಊರವರ ಬಿಳಿಯ ಹಾಸುಬಟ್ಟೆಗಳು.

"ನೀವೇನಾ ಕತ್ತರಿಸ್ದೋರು?"

"ಹೌದು ಮದಾಂ."

"ಬನ್ನಿ ಸ್ವಾಮಿ ಒಳಗೆ. ಕಾಲು ಒರೆಸ್ಕೊಳ್ಳಿ, ಇದೆಲ್ಲ ಬೇರೆಯೋರ ಬಟ್ಟೆ. ಏನದು? ನಿಂಬೆ ಟಾರ್ಟಾ? ಅವಳಿಗೆ ಪ್ರಾಣ. ನಂಗೆ ಹುಳಿ ಆಗಲ್ಲ. ಇರ್ಲಿ, ಅಲ್ಲಿಡಿ."

ಕಾಫಿ ಕೊಟ್ಟಳು. ತಾನು ಕೂರಲಿಲ್ಲ, ಇಸ್ತ್ರಿಯನ್ನೂ ನಿಲ್ಲಿಸಲಿಲ್ಲ. ಅವನು ಮುರುಕು ಸ್ಟೂಲಿನ ಮೇಲೆ ಮೊಣಕಾಲು ಜೋಡಿಸಿಕೊಂಡು ಕೂತ, ಹಾಸುಬಟ್ಟೆಗಳು ಆಗಾಗ ತಮ್ಮಷ್ಟಕ್ಕೆ ಉಬ್ಬಿ ಇಳಿದು ಅವನ ಕಿವಿಗೆ ತಗಲುತ್ತಿದ್ದವು. ಗಾಳಿಗೆ ಕಿಟಕಿ ಒಂದೂ ತೆರೆದಿರಲಿಲ್ಲ. ಏನಾದರೂ ಹೇಳಬೇಕಲ್ಲ ಎಂದು, ತಮ್ಮ ಮಗಳ ದನಿ ತುಂಬ ಅಪರೂಪದ್ದು, ತನಗೆ ಅವಳನ್ನು ಕಾಣುವ ಭಾಗ್ಯ ಸಿಗಲಿಲ್ಲ ಎಂದು ಶುರುಮಾಡಿದ. ಆಕೆ ಪೆಟ್ಟಿಗೆಯನ್ನು ಒತ್ತಿ ಆವಿ ಬಿಟ್ಟಳು. ಅವನ ಮಾತು ಅದರಡಿ ಮುಚ್ಚಿಹೋಯಿತು.

"ಎಷ್ಟು ಸಲ ಗೊತ್ತಾ ನಿಮ್ಗೆ?"

"ಏನು ಮದಾಂ?"

"ಅವಳು ತಾಳು ಅನ್ನೋದು."

"ಅರವತ್ನಾಲ್ಕು."

"ಅರವತ್ನಾಲ್ಕೇ. ನಾನೂ ಎಣಿಸಿದೀನಿ. ಯಾಕೆ ಅರವತ್ನಾಲ್ಕು?"

"ಅದು... ಎಂಟೆಂಟಾಗಿ ಬರುತ್ತೆ. ಎಂಟು ಎಂಟು ಸಲ ಬಂದ್ರೆ ಕುಣಿಯೋರ ಕಾಲು ತಾನಾಗೇ..."

"ತಾಳಕ್ಕೆ ಸರಿಹೋಗ್ಲಿ ಅಂತ. ನನ್ನ ಮಗಳು ಹೇಳಿದ್ದು ಎಷ್ಟು ಸಲ?"

"ಒಂದು ಸಲ."

"ಹ್ಞೂಂ," ಎಂದು ಆಕೆ ದಿಂಬಿನ ಚೀಲವೊಂದನ್ನು ಮಡಿಸಿ ಪಕ್ಕಕ್ಕಿಟ್ಟಳು. "ಕೇಳಿ ಸ್ವಾಮಿ. ತರಕಾರಿ ಅಂಗಡಿ ಚಾವಣಿಯಿಂದ ತಾಳು ಅಂತಾಳೆ. ತಾಳ್ತೀನಿ. ಹಲ್ಲಿನ ಡಾಕ್ಟ್ರ ಹತ್ರ ಬಾಯಿ ತೆರ್ಕೊಂಡು ಕೂತಾಗ ಅಂತಾಳೆ, ತಾಳ್ತೀನಿ. ನನ್ನ ತಮ್ಮನ ಮಗಳ ಮದುವೇಲಿ ಎಲ್ರೂ ಕುಣೀತಿದ್ರು, ಹುಚ್ಚಿ ಹಾಗೆ ಕೈಲಿ ಗ್ಲಾಸು ಹಿಡ್ಕೊಂಡು ನಿಂತಿದ್ದೆ. ಹನ್ನೊಂದು ವರ್ಷ. ತಾಯಿ ಅಂದಮೇಲೆ ಮಗಳು ತಾಳು ಅಂದ್ರೆ ತಾಳ್ಬೇಕಲ್ಲ. ಆದ್ರೆ ಏನಕ್ಕೆ? ಅದು ಹೇಳ್ಬೇಡ್ವಾ? ಅವಳು ತಾಳು ಅಂದು ಸುಮ್ಮನಾಗೋ ಜಾತಿ ಅಲ್ಲ, ಬಾಯಿಬಡುಕಿ. ಮುಂದೆ ಏನೋ ಇದ್ದೇ ಇದೆ. ಅದು ಕೇಳಿಬಿಟ್ರೆ ನಾನು ಎಲ್ಲರ ಹಾಗೆ ಅಂಗಡಿಗೆ ಹೋಗಿ ಬರ್ತೀನಿ. ಅಷ್ಟೇ ನಂಗೆ ಬೇಕಾಗಿರೋದು."

ಬ್ಲೇಸ್ ಕಂಪ್ಯೂಟರ್ ತೆಗೆದ. ಅದರಲ್ಲಿ ಎರಡು ಫೈಲುಗಳಿದ್ದವು. ಒಂದು ಆ ದಿನ ಬಂದದ್ದು ಬಂದ ಹಾಗೆ. ಇನ್ನೊಂದನ್ನು ಅವನು ಕಳೆದ ಮೂರು ದಿನ ಬೆಳಗ್ಗೆ ಕೂತು ಕಟ್ಟಿದ್ದ. ಕಟ್ಟುವುದು ಕಷ್ಟವೇನಲ್ಲ, ಇಪ್ಪತ್ತೆರಡು ವರ್ಷದ ಕಸುಬು. ಹಾಡಿನ ಮೂರನೆಯ ಚರಣದಲ್ಲಿ ಅಮ್ಮಾ ಎಂಬ ಕರೆ ಇತ್ತು, ಪಲ್ಲವಿಯಲ್ಲಿ ಬರ್ತೀನಿ ಎಂದಿತ್ತು. ಎರಡನ್ನೂ ಬಿಡಿಸಿ, ಎಳೆದ ಸ್ವರವನ್ನು ಮಾತಿನಷ್ಟು ಮೊಟಕು ಮಾಡಿ, ತಾಳು ಎಂಬುದರ ಪಕ್ಕಕ್ಕೆ ಹೊಲಿದ. ಕೆಟ್ಟ ಉದ್ದೇಶದಿಂದಲ್ಲ. ಮುದುಕಿಗೆ ಸಮಾಧಾನ, ಯಾರಿಗೇನು ನಷ್ಟ, ಎಂದು ತನಗೆ ತಾನೇ ಹೇಳಿಕೊಂಡಿದ್ದ. ನಿಜವಾದದ್ದನ್ನು ಆ ತಾಯಿಗೆ ಕೇಳಿಸುವುದಕ್ಕಿಂತ ಇದು ದಯೆಯಲ್ಲವೇ? ದಯೆ ಯಾರ ಮೇಲೆ ಎಂಬ ಪ್ರಶ್ನೆಯನ್ನು ಕೇಳಿಕೊಳ್ಳಲಿಲ್ಲ. ಕಟ್ಟಿ ಮುಗಿಸಿ ಮೊದಲ ಸಲ ಒತ್ತಿದಾಗ ಮಾತ್ರ ಅವನು ಬೆಚ್ಚಿ ಹಿಂದಕ್ಕೆ ತಿರುಗಿ ನೋಡಿದ್ದ. ಸತ್ತ ಹುಡುಗಿ ಎಂದೂ ಹೇಳದ ಮಾತನ್ನು ಅವಳದೇ ಬಾಯಿಂದ, ಅವನ ಕೋಣೆಯಲ್ಲಿ, ಹಾಡುಹಗಲೇ ಹೇಳಿದ್ದಳು. ಈಗ ಅದನ್ನೇ ಒತ್ತಿದ.

"ತಾಳು ಅಮ್ಮಾ, ಬರ್ತೀನಿ," ಎಂದಿತು ಸ್ಪೀಕರು.

ಆಕೆಯ ಕೈಯ ಪೆಟ್ಟಿಗೆ ಬಟ್ಟೆಯಿಂದ ಒಂದು ಗೇಣು ಮೇಲಕ್ಕೆದ್ದು ಹಾಗೇ ನಿಂತಿತು. ಮುಖ ಸಡಿಲವಾಯಿತು, ಹತ್ತು ವರ್ಷ ಚಿಕ್ಕವಳಾದಂತೆ ಕಂಡಳು. "ಇನ್ನೊಂದ್ಸಲ," ಎಂದಳು. ಹಾಕಿದ. ತಾಳು ಅಮ್ಮಾ, ಬರ್ತೀನಿ. ಅವನ ಬೆನ್ನು ಹಗುರವಾಯಿತು, ಹನ್ನೆರಡು ನಲವತ್ತರ ರೈಲು ಸಿಗಬಹುದು ಎಂದು ಕೂಡ ಹೊಳೆದುಹೋಯಿತು, ಹೊಳೆದದ್ದಕ್ಕೆ ನಾಚಿಕೆಯಾಯಿತು. "ಇನ್ನೊಂದು." ಮೂರನೆಯ ಸಲ ಆಕೆ ಎಡಗೈಯನ್ನು ತನ್ನ ಎದೆಯ ಮೇಲಿಟ್ಟುಕೊಂಡು, ಕಣ್ಣು ಮುಚ್ಚಿ, ಏನನ್ನೋ ಹುಡುಕುವವಳಂತೆ ಕೇಳಿದಳು. ಕಣ್ಣು ಬಿಟ್ಟಾಗ ಆ ಸಡಿಲ ಹೋಗಿತ್ತು.

"ಇವಳು ಉಸಿರು ಎಲ್ಲಿ ತಗೊಂಡ್ಳು?"

ಬ್ಲೇಸ್ ಕಾಫಿ ಲೋಟ ಎತ್ತಿಕೊಂಡ.

"ಮೂರನೇ ವರ್ಷಕ್ಕೆ ಉಬ್ಬಸ ಹಿಡೀತು ಅವಳಿಗೆ. ಈ ಆವಿಯೊಳಗೇ ಬೆಳೆದೋಳು. ಇಲ್ಲಿ ಇಸ್ತ್ರಿ ಮಾಡ್ತಾ ಮಾಡ್ತಾ ಒಳಗಿನ ಕೋಣೆಗೆ ಕಿವಿ ಇಟ್ಕೊಂಡು ಇಪ್ಪತ್ತು ವರ್ಷ ಅವಳ ಉಸಿರು ಎಣಿಸ್ದೋಳು ನಾನು. ತಾಳು ಅಂದ್ರೆ ಅಲ್ಲೊಂದು ಎಳೀತಿದ್ಲು. ಅಮ್ಮಾ ಅಂದ್ರೆ ಅಲ್ಲೊಂದು. ಇದ್ರಲ್ಲಿ ಒಂದೂ ಇಲ್ಲ." ಆಕೆ ಸ್ಪೀಕರಿನ ಕಡೆಗೆ ಕೈಮಾಡಿದಳು. ದನಿ ಇಳಿದಿತ್ತು. "ದನಿ ಅವಳದೇ. ಮಾತಾಡ್ತಿರೋದು ಯಾರು ಸ್ವಾಮಿ?"

ಯಾರು? ಅವನಿಗೇ ಗೊತ್ತಿರಲಿಲ್ಲ. ಹಗ್ಗದ ಮೇಲಿನ ಹಾಸುಬಟ್ಟೆ ಉಬ್ಬಿ ಅವನ ಕೆನ್ನೆಗೆ ಒರಗಿ ಇಳಿಯಿತು. ಶಾಲೆಯಲ್ಲಿ ನಕಲು ಹೊಡೆದು ಸಿಕ್ಕಿಬಿದ್ದ ದಿನ ಹೀಗೇ ಕಿವಿ ಬಿಸಿಯಾಗಿತ್ತು, ಮೇಷ್ಟರು ಬೈಯದೆ ಸುಮ್ಮನೆ ನೋಡುತ್ತ ನಿಂತಿದ್ದರು. "ಅದು ನಾನು ಜೋಡ್ಸಿದ್ದು," ಎಂದ, ತನಗೇ ಕೇಳಿಸದಷ್ಟು ಮೆಲ್ಲಗೆ. ಆಕೆ ಬೈಯಲಿಲ್ಲ. "ಜೋಡ್ಸಿಲ್ದೇ ಇರೋದು ಇದ್ಯಾ?" ಎಂದು ಮಾತ್ರ ಕೇಳಿದಳು. ಇಲ್ಲ ಎನ್ನಬಹುದಿತ್ತು. ಅಳಿಸಿಹೋಗಿದೆ ಎನ್ನಬಹುದಿತ್ತು, ಹನ್ನೊಂದು ವರ್ಷದಲ್ಲಿ ಎಷ್ಟೋ ಅಳಿಸಿಹೋಗುತ್ತದೆ. ಅವನ ಬೆರಳು ಅಷ್ಟರಲ್ಲಿ ಇನ್ನೊಂದು ಫೈಲಿನ ಮೇಲೆ ಹೋಗಿತ್ತು. ಒತ್ತಿದ. ಮೊದಲು ಒಂದು ಖಾಲಿ ಕೋಣೆಯ ಸದ್ದು. ಆಮೇಲೆ ಬಾಗಿಲ ಹತ್ತಿರವೇ ಯಾರೋ ನಿಂತಂತೆ ಒಂದು ಉದ್ದನೆಯ ಎಳೆತ, ಅದರ ತುದಿಗೆ ಸಿಳ್ಳೆ. ಆ ತಾಯಿ ಪೆಟ್ಟಿಗೆಯನ್ನು ಕೆಳಗಿಟ್ಟು ಮೇಜಿನ ಅಂಚು ಹಿಡಿದುಕೊಂಡಳು.

"ತಾಳು ಮಾರಾಯ. ಉಸಿರು ಎಳ್ಕೊಳ್ಳಕ್ಕಾದ್ರೂ ಬಿಡು." ಎಳೆತ. "ಆ ದೊಡ್ಡ ಮನುಷ್ಯನಿಗೆ ನನ್ನ ಉಸಿರು ಆಗಲ್ವಂತೆ. ಕಮ್ಮಾರನ ತಿದಿಯಂತೆ ನಾನು!" ಇಲ್ಲಿ ನಗು, ನಗುವಿನ ನಡುವೆ ಕೆಮ್ಮು, ಯಾವನೋ ಹುಡುಗ ದೂರದಿಂದ ಬೇಕಾದರೆ ನಾಳೆ ಮಾಡೋಣ ಎಂದದ್ದು. "ಏ, ನಾಳೆ ಗೀಳೆ ಏನೂ ಬೇಡ." ಮತ್ತೊಂದು ಎಳೆತ, ಎಲ್ಲಕ್ಕಿಂತ ಉದ್ದದ್ದು. "ಸರಿ ಹಾಕು. ಇವತ್ತು ಉಸಿರೇ ಆಡಲ್ಲ. ಸಾಕಾ?"

ಹಾಡು ಶುರುವಾಯಿತು. ಬ್ಲೇಸ್ ನಿಲ್ಲಿಸಲು ಕೈ ಚಾಚಿದ. "ಬಿಡಿ, ಹಾಡ್ಲಿ," ಎಂದಳು ಆಕೆ. ಪಕ್ಕವಾದ್ಯವಿಲ್ಲದ ಆ ಒಂಟಿ ದನಿ ಸಾಲಿನಿಂದ ಸಾಲಿಗೆ ಎಲ್ಲಿಯೂ ಏದುಸಿರು ಬಿಡದೆ, ಎಲ್ಲಿಯೂ ಎಳೆಯದೆ ನಡೆಯಿತು. ಮೈಕಿನಿಂದ ಮುಖ ತಿರುಗಿಸಿ ತಿರುಗಿಸಿ ಕದ್ದು ಉಸಿರಾಡಿದ್ದಿರಬೇಕು, ಮೈಕು ಒಂದನ್ನೂ ಹಿಡಿದಿರಲಿಲ್ಲ. ಸಾಲುಗಳ ನಡುವೆ ಬರೀ ಖಾಲಿ. ಮೊದಲ ಚರಣ ಮುಗಿಯುವ ಹೊತ್ತಿಗೆ ಆ ಖಾಲಿಯಲ್ಲಿ ಅವನಿಗೆ ಒಂದು ಎಳೆತ ಕೇಳಿಸಿತು. ಇದು ಫೈಲಿನಲ್ಲಿ ಇರಲಿಲ್ಲ, ಅವನಿಗೆ ಫೈಲಿನ ಒಂದೊಂದು ಚೂರೂ ಗೊತ್ತು. ಮುಂದಿನ ಸಾಲಿನ ಕೊನೆಗೂ ಬಂತು, ತುದಿಗೆ ಅದೇ ಸಿಳ್ಳೆ. ಬೆನ್ನುಹುರಿಯುದ್ದಕ್ಕೂ ತಣ್ಣಗಾಗಿ ಅವನು ತಲೆಯೆತ್ತಿದ. ತಾಯಿ ಬಾಯಿ ತೆರೆದು, ಮಗಳು ಎಳೆಯಬೇಕಾದ ಕಡೆಯಲ್ಲೆಲ್ಲ ತಾನು ಉಸಿರು ಎಳೆಯುತ್ತಿದ್ದಳು. ಒಂದು ಕಡೆಯೂ ತಪ್ಪಲಿಲ್ಲ. ಹಾಡಿದ್ದು ಸ್ಪೀಕರು, ಉಸಿರಾಡಿದ್ದು ಮೇಜಿನಾಚೆಯ ಮುದುಕಿ, ಮತ್ತೆ ನಾಲ್ಕು ನಿಮಿಷದ ಮಟ್ಟಿಗೆ ಆ ಕೋಣೆಯಲ್ಲಿ ಒಬ್ಬ ಹುಡುಗಿ ಇಡಿಯಾಗಿ ಇದ್ದಳು. ಬ್ಲೇಸ್‌ಗೆ ಅಳು ಬಂತು. ಅಳುವ ಹಕ್ಕು ತನಗಿಲ್ಲವೆಂದು ಗೊತ್ತಿದ್ದೂ ಬಂತು. ಅವನು ಅದನ್ನು ಕಾಫಿಯ ಜೊತೆ ನುಂಗಿದ.

ಹಾಡು ಮುಗಿದ ಮೇಲೆ ಆಕೆ ಮೂಗು ಒರೆಸಿಕೊಂಡು ಪೆಟ್ಟಿಗೆ ಬಿಸಿ ಇದೆಯೇ ಎಂದು ಒದ್ದೆ ಬೆರಳಿನಲ್ಲಿ ಮುಟ್ಟಿ ನೋಡಿದಳು. ಅದು ಚುರ್ರೆಂದಿತು.

"ಬಾಯಿಬಡುಕಿ ಅಂತ ಹೇಳ್ಲಿಲ್ವಾ? ಕಾಯಿಲೆ ಬಿದ್ದಾಗ್ಲೂ ಅವಳದು ತಮಾಷೆನೇ." ಒಂದು ಹಾಸುಬಟ್ಟೆಯನ್ನು ಹಗ್ಗದಿಂದ ಎಳೆದು ಮೇಜಿನ ಮೇಲೆ ಹರಡಿದಳು. "ಆ ದೊಡ್ಡ ಮನುಷ್ಯ ಯಾರು?"

ಸ್ಟುಡಿಯೋದ ಯಜಮಾನ ಎಂದರೆ ಆಗುತ್ತಿತ್ತು. ಆ ಮನುಷ್ಯ ಸತ್ತು ಆರು ವರ್ಷ, ಕೇಳುವವರಿಲ್ಲ. ಅವನ ನಾಲಿಗೆಯ ಮೇಲೆ ಆ ಹೆಸರು ಬಂದು ಕೂತೇಬಿಟ್ಟಿತ್ತು.

"ನಾನೇ ಮದಾಂ."

ಆಕೆ ಅವನನ್ನು ಬೂಟಿನಿಂದ ತಲೆಯವರೆಗೆ, ಮತ್ತೆ ತಲೆಯಿಂದ ಬೂಟಿನವರೆಗೆ ನೋಡಿದಳು. "ನೀವಾ?" ಎಂದಳು. "ದೊಡ್ಡ ಮನುಷ್ಯ ಅಂದ್ರೆ ಇನ್ನೂ ಎತ್ತರ ಇರ್ತೀರಿ ಅಂದ್ಕೊಂಡಿದ್ದೆ."

ಅಷ್ಟೇ. ಅವನು ಕಾದ ಬಿರುಮಾತು ಬರಲಿಲ್ಲ. ತನಗೆ ಗೊತ್ತಿರಲಿಲ್ಲ, ಕಾಯಿಲೆ ಎಂದು ಯಾರೂ ಹೇಳಲಿಲ್ಲ, ಹೇಳಿದ್ದರೆ ಎಂದೂ ಹಾಗೆ ಬರೆಯುತ್ತಿರಲಿಲ್ಲ ಎಂದು ಏನೇನೋ ಹೇಳತೊಡಗಿದ. ಒಂದೊಂದೂ ನಿಜ. ಒಂದೊಂದೂ ಬಾಯಿಂದ ಹೊರಬಿದ್ದ ಕೂಡಲೇ ಯಾರೋ ಜೋಡಿಸಿದ ಮಾತಿನಂತೆ ಕೇಳಿಸಿತು. ಕ್ಷಮಿಸಿ ಎಂದ. ಆಕೆ ಕೈ ಚಾಚಿ ಹಾಳೆ ಕೇಳಿದಳು, ಇಸ್ತ್ರಿ ಮೇಜಿನ ಮೇಲೇ ಇಟ್ಟು, ಕನ್ನಡಕವಿಲ್ಲದೆ, ಓದದೆ, ಎರಡು ಕಡೆಯೂ ದುಂಡಗೆ ಸಹಿ ಹಾಕಿದಳು. ಆವಿಗೆ ಹಾಳೆಯ ಅಂಚು ಮೆತ್ತಗಾಗಿತ್ತು. "ತಗೊಳ್ಳಿ, ಕೊಟ್ಟ ಮಾತು ಕೊಟ್ಟ ಮಾತೇ. ಟಾರ್ಟ್ ನೀವೇ ತಗೊಂಡ್ಹೋಗಿ. ಇಲ್ಲಿ ತಿನ್ನೋರಿಲ್ಲ." ಇಷ್ಟು ಹಗುರವಾಗಿ ಮುಗಿಯುತ್ತದೆಂದು ಅವನು ಎಣಿಸಿರಲಿಲ್ಲ. ಕಂಪ್ಯೂಟರು, ಸ್ಪೀಕರು, ಹಾಳೆಗಳನ್ನು ಚೀಲಕ್ಕೆ ತುರುಕಿದ. ಡಬ್ಬಿ ಎತ್ತಿಕೊಂಡ. ಗಡಿಯಾರದಲ್ಲಿ ಹನ್ನೆರಡೂವರೆ, ಬೀದಿ ಏರಿದರೆ ನಿಲ್ದಾಣ, ಓಡಿದರೆ ರೈಲು. ಹೊರಗೆ ಬಿಸಿಲಿತ್ತು, ಬಾಗಿಲು ಎರಡು ಹೆಜ್ಜೆ ದೂರ. ಕೋಟಿನ ಒಂದು ತೋಳಿಗೆ ಕೈ ತೂರಿಸಿದ್ದ, ಇನ್ನೊಂದನ್ನು ಹಿಂದೆ ತಡಕುತ್ತಿದ್ದ.

"ತಾಳು."

ಅವನು ಬಂದಾಗಿನಿಂದ ಸ್ವಾಮಿ, ನೀವು, ಬನ್ನಿ, ಹೋಗಿ ಎಂದಿದ್ದ ಬಾಯಿ. ಅದೇ ಏರು, ಅದೇ ಇಳಿತ, ಕೊನೆಯ ಸ್ವರಕ್ಕೆ ಅದೇ ಸಣ್ಣ ಕೊಂಕು. ಅವನು ಅರವತ್ತನಾಲ್ಕು ಸಲ ಹೇಳಿಸಿದ್ದ ಅದೇ ಮಾತು, ಈ ಸಲ ಅವನಿಗೆ. ಬ್ಲೇಸ್ ನಿಂತ. ಒಂದು ತೋಳು ಕೋಟಿನೊಳಗೆ, ಒಂದು ಹೊರಗೆ, ಮುಖ ಬಾಗಿಲ ಕಡೆ. ಮುಂದೆ ಏನೋ ಹೇಳುತ್ತಾಳೆ, ಕೇಳಿಕೊಂಡು ಹೋಗೋಣ ಎಂದು ಕಾದ. ಹಿಂದೆ ಪೆಟ್ಟಿಗೆ ಹುಸ್ಸೆಂದಿತು. ಬಟ್ಟೆ ಮಡಿಸಿದ ಸದ್ದು, ಇನ್ನೊಂದು ಬಟ್ಟೆ ಒದರಿದ ಸದ್ದು. ಮೇಲೆ ನಿಲ್ದಾಣದಲ್ಲಿ ಹನ್ನೆರಡು ನಲವತ್ತರ ರೈಲು ಬಂದು, ನಿಂತು, ಹೋಯಿತು. ಏನು ಮದಾಂ ಎಂದು ಕೇಳಬಹುದಿತ್ತು, ಕೇಳಲು ಗಾಳಿ ಬೇಕಿತ್ತು. ಎಷ್ಟು ಹೊತ್ತಿನಿಂದಲೋ ತಾನು ಉಸಿರಾಡಿಲ್ಲ ಎಂಬುದು ಅವನಿಗೆ ಆಗ ತಿಳಿಯಿತು. ಆಕೆ ಹಾಸುಬಟ್ಟೆಯ ಇನ್ನೊಂದು ಮಗ್ಗುಲನ್ನು ಮೇಜಿನ ಮೇಲೆ ಸರಿಪಡಿಸಿಕೊಂಡು ಇಸ್ತ್ರಿ ಮುಂದುವರಿಸಿದಳು.